ಚಿಕ್ಕ ಮಕ್ಕಳ ಟೀಚರ್‌ಗಳ ಆನ್‌ಲೈನ್ ಕೋರ್ಸ್: ಕೋಚಿಂಗ್‌ಗೆ ಪೂರ್ತಿ ಮಾರ್ಕ್ಸ್, ಸರ್ಟಿಫಿಕೇಟ್‌ಗೆ ಅರ್ಧ

ಮೂರರಿಂದ ಆರು ವರ್ಷದ ಮಕ್ಕಳ ಟೀಚರ್‌ಗಳಿಗೆ ಅಂತಲೇ ಮಾಡಿರೋ ಒಂದು ಆನ್‌ಲೈನ್ ಕೋರ್ಸ್ ಈಚೆಗೆ ಮುಗಿಸಿದೆ, ಸೇರ್ಬೇಕಾ ಬೇಡ್ವಾ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ. ಕಂಪನಿ ಹೆಸರು ಹಾಕ್ತಿಲ್ಲ. ಇದೇ ಥರದ ಕೋರ್ಸ್‌ಗಳು ಈಗ ಬೇಕಾದಷ್ಟಿವೆ, ಒಳಗಡೆ ಇರೋದೂ ಹೆಚ್ಚುಕಮ್ಮಿ ಒಂದೇ: ರೆಕಾರ್ಡೆಡ್ ಪಾಠ, ಓದೋಕೆ ಪಿಡಿಎಫ್, ವಾರಕ್ಕೊಂದು ಲೈವ್ ಕ್ಲಾಸ್, ನಿಮ್ಮ ಕ್ಲಾಸ್‌ರೂಮ್ ವಿಡಿಯೋ ನೋಡಿ ಮಾತಾಡೋಕೆ ಒಬ್ಬರು ಕೋಚ್, ಪಬ್ಲಿಕ್ ಪಾಲಿಸಿ ಅಂತ ಒಂದು ಮಾಡ್ಯೂಲ್, ಕೊನೆಗೊಂದು ಸರ್ಟಿಫಿಕೇಟ್. ಹಾಗಾಗಿ ನಾನು ಹೇಳೋದು ನೀವು ಬೇರೆ ಕಡೆ ಸೇರಿದ್ರೂ ಉಪಯೋಗಕ್ಕೆ ಬರತ್ತೆ. ಒಟ್ಟಾರೆ ಐದಕ್ಕೆ ಮೂರೂವರೆ ಕೊಡ್ತೀನಿ. ಕೋಚಿಂಗ್ ಒಂದಕ್ಕೇ ಆದ್ರೆ ಐದಕ್ಕೆ ಐದು. ಪಾಲಿಸಿ ಮಾಡ್ಯೂಲ್‌ನ ಜೊತೆಲಿದ್ದ ಸುಮಾರು ಜನ ಪ್ಲೇ ಮಾಡಿ ಬಿಟ್ಟು ಬೇರೆ ಕೆಲಸ ನೋಡ್ಕೊಂಡ್ರು, ಆದ್ರೆ ಟೀಚರ್ ಆದವರು ಬಿಡಲೇಬಾರದ ಭಾಗ ಅದು ಅಂತ ನನಗೆ ಗಟ್ಟಿಯಾಗಿ ಅನ್ಸಿದೆ.

ಮೊದಲು ರೆಕಾರ್ಡೆಡ್ ಪಾಠಗಳ ವಿಷಯ, ಇದನ್ನ ಬೇಗ ಮುಗಿಸ್ತೀನಿ. ಚೆನ್ನಾಗಿವೆ, ಚಿಕ್ಕ ಚಿಕ್ಕದಾಗಿವೆ, ಮಾತು ಸ್ಪಷ್ಟ. ಮಗು ಒಂದು ಸದ್ದು ಮಾಡತ್ತೆ, ಕೈ ತೋರಿಸತ್ತೆ, ದೊಡ್ಡವರು ಅದಕ್ಕೆ ಸ್ಪಂದಿಸ್ತಾರೆ, ಮಗು ಮತ್ತೆ ಏನೋ ಮಾಡತ್ತೆ, ಈ ಕೊಡು-ತಗೋ ಆಟದಿಂದಲೇ ಮೆದುಳಿನ ಕನೆಕ್ಷನ್‌ಗಳು ಬಲ ಆಗ್ತವೆ ಅನ್ನೋ ಪಾಠ ಅಂತೂ ತುಂಬ ಚೆನ್ನಾಗಿ ಮಾಡಿದಾರೆ. ಹಾರ್ವರ್ಡ್‌ನ ಸೆಂಟರ್ ಆನ್ ದಿ ಡೆವಲಪಿಂಗ್ ಚೈಲ್ಡ್‌ನವರು ಇದಕ್ಕೆ ಸರ್ವ್ ಆಂಡ್ ರಿಟರ್ನ್ ಅಂತಾರೆ. ಆಮೇಲೆ ಕ್ಲಾಸ್‌ರೂಮ್ ಗುಣಮಟ್ಟ ಅಳೆಯೋ ಸ್ಕೇಲ್‌ಗಳ ಪರಿಚಯ ಇದೆ. 1980ರಲ್ಲಿ ಥೆಲ್ಮಾ ಹಾರ್ಮ್ಸ್ ಮತ್ತೆ ರಿಚರ್ಡ್ ಕ್ಲಿಫರ್ಡ್ ತಂದ ಇಸರ್ಸ್ (ECERS) ಇದೆ, ವರ್ಜೀನಿಯಾ ಯೂನಿವರ್ಸಿಟಿಯಲ್ಲಿ ರಾಬರ್ಟ್ ಪಿಯಾಂಟ ಮತ್ತು ಜೊತೆಯವರು ಮಾಡಿದ ಕ್ಲಾಸ್ (CLASS) ಅನ್ನೋ ಟೂಲ್ ಇದೆ, ಎರಡರಲ್ಲೂ 1ರಿಂದ 7ರ ತನಕ ಸ್ಕೋರ್. ಇಸರ್ಸ್ ರೂಮು, ಸಾಮಾನು, ದಿನದ ಟೈಂಟೇಬಲ್ಲು, ಮಾತುಕತೆ ಎಲ್ಲಾ ನೋಡತ್ತೆ. ಕ್ಲಾಸ್ ಟೂಲ್ ಮಾತ್ರ ಟೀಚರ್ ಮತ್ತೆ ಮಕ್ಕಳ ನಡುವೆ ಏನ್ ನಡೀತಿದೆ ಅನ್ನೋದನ್ನಷ್ಟೇ ನೋಡತ್ತೆ. ಇಷ್ಟು ತಿಳ್ಕೊಂಡ್ರೆ ಸಾಕು, ಇದಕ್ಕೋಸ್ಕರ ಯಾರೂ ದುಡ್ಡು ಕೊಡಬೇಕಿಲ್ಲ, ಇದೆಲ್ಲಾ ಹುಡುಕಿದ್ರೆ ಫ್ರೀಯಾಗೇ ಸಿಗತ್ತೆ.

ಈಗ ಕೋಚಿಂಗ್. ಇದರ ಬಗ್ಗೆ ಎಷ್ಟು ಬರೆದ್ರೂ ಕಮ್ಮಿನೇ.

ವ್ಯವಸ್ಥೆ ಏನಂದ್ರೆ ನಿಮ್ಮ ಕ್ಲಾಸಲ್ಲಿ ಫೋನ್ ಇಟ್ಟು ಸ್ವಲ್ಪ ಹೊತ್ತಿನ ವಿಡಿಯೋ ಮಾಡಿ ಕಳಿಸಬೇಕು. ಕೋಚ್ ಅದನ್ನ ನೋಡಿ, ಯಾವ್ಯಾವ ಜಾಗದಲ್ಲಿ ನಿಲ್ಲಿಸಿ ಮಾತಾಡ್ಬೇಕು ಅಂತ ಗುರುತು ಹಾಕ್ಕೊಂಡು ಕಾಲ್‌ಗೆ ಬರ್ತಾರೆ. ನಮ್ಮ ಮೇಡಂ ಮೊದಲ ಕಾಲ್‌ನಲ್ಲಿ ತಪ್ಪು ಸರಿ ಏನೂ ಹೇಳಲಿಲ್ಲ. ಬ್ಲಾಕ್ಸ್ ಆಡ್ತಿದ್ದ ಒಂದು ಮಗು "ಮಿಸ್, ಬಿದ್ದೋಯ್ತು" ಅನ್ನೋ ಜಾಗದಲ್ಲಿ ವಿಡಿಯೋ ನಿಲ್ಲಿಸಿ "ಇಲ್ಲಿಂದ ಮುಂದೆ ಸೌಂಡ್ ಆಫ್ ಮಾಡಿ ನೋಡೋಣ, ಮಗು ಮುಖ ಮಾತ್ರ ನೋಡಿ" ಅಂದ್ರು. ನೋಡಿದ್ವಿ. ಮಗು ಬಿದ್ದ ಬ್ಲಾಕ್ ಕೈಯಲ್ಲಿ ಹಿಡ್ಕೊಂಡು ಯಾವುದು ಕೆಳಗಿಡೋದು ಅಂತ ಯೋಚಿಸ್ತಾ ಇದೆ, ಅಷ್ಟರಲ್ಲಿ ದೊಡ್ಡವರ ಕೈ ಫ್ರೇಮ್ ಒಳಗೆ ಬಂದು ದೊಡ್ಡ ಬ್ಲಾಕನ್ನ ಕೆಳಗಿಟ್ಟುಬಿಡತ್ತೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ, "ಇನ್ನೂ ಸ್ವಲ್ಪ ಕಾದಿದ್ರೆ ಮಗು ಏನ್ ಮಾಡ್ತಿತ್ತು ಅನ್ಸತ್ತೆ ನಿಮಗೆ?" ಅಂತ. ಎಷ್ಟು ಲೆಕ್ಚರ್ ಕೇಳಿದ್ರೂ ಇದು ತಲೆಗೆ ಹೋಗಲ್ಲ ನೋಡಿ, ನಮ್ಮದೇ ಕ್ಲಾಸು ನಮ್ಮದೇ ಮಗು ಕಣ್ಣೆದುರಿಗೆ ಇದ್ದಾಗ ಮಾತ್ರ ಹೋಗತ್ತೆ.

ಆಮೇಲೆ ಇದರ ಹಿಂದಿನ ಸಂಶೋಧನೆ ತೋರಿಸಿದ್ರು. ಮೇರಿ ಬಡ್ ರೋ ಅಂತ ಒಬ್ಬ ಅಮೆರಿಕನ್ ಸಂಶೋಧಕಿ 1970ರ ದಶಕದಲ್ಲೇ ಟೀಚರ್‌ಗಳು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯ್ತಾರೆ ಅಂತ ಟೇಪ್ ಮಾಡಿ ಅಳೆದು ನೋಡಿದ್ರು, ಸರಾಸರಿ ಒಂದು ಸೆಕೆಂಡು ಅಷ್ಟೇ. ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಮಕ್ಕಳ ಉತ್ತರ ಉದ್ದ ಆಗತ್ತೆ, ಸುಮ್ಮನೆ ಇರ್ತಿದ್ದ ಮಕ್ಕಳೂ ಬಾಯಿ ಬಿಡ್ತಾರೆ, ಮಕ್ಕಳು ತಾವೇ ಪ್ರಶ್ನೆ ಕೇಳೋದೂ ಜಾಸ್ತಿ ಆಗತ್ತೆ. ಇಷ್ಟು ಸಣ್ಣ ವಿಷಯ, ಆದ್ರೆ ಮಾಡೋಕೆ ಕಷ್ಟ, ಸುತ್ತ ಇಪ್ಪತ್ತು ಮಕ್ಕಳು ಇದ್ದಾಗ ಮೂರು ಸೆಕೆಂಡು ಸುಮ್ಮನಿರೋದು ಅಂದ್ರೆ ಬಹಳ ಉದ್ದ ಅನ್ಸತ್ತೆ. ಮೇಡಂ ಅದನ್ನೇ ಒಂದು ಗುರಿ ಅಂತ ಇಟ್ಕೊಳಿ, ಬೇರೆ ಏನೂ ಬೇಡ ಅಂದ್ರು. ಮುಂದಿನ ವಿಡಿಯೋ ಅದಕ್ಕೇ ನೋಡಿದ್ರು, ಅದರ ಮುಂದಿನದ್ದೂ ಅದಕ್ಕೇ. ಒಂದು ಸಮಯಕ್ಕೆ ಒಂದೇ ವಿಷಯ ಹಿಡ್ಕೊಳೋದು, ಅದನ್ನ ನೋಡೋದು, ಮತ್ತೆ ಮಾತಾಡೋದು, ಈ ಚಕ್ರ ತಿರುಗ್ತಾ ಇದ್ರೆ ನಿಜವಾಗ್ಲೂ ಕ್ಲಾಸ್‌ರೂಮ್ ಬದಲಾಗತ್ತೆ. ಮಕ್ಕಳ ಮಾತು ಜಾಸ್ತಿ ಆಯ್ತು, ನನ್ನ ಮಾತು ಕಮ್ಮಿ ಆಯ್ತು, ಅದು ವಿಡಿಯೋದಲ್ಲೇ ಕಾಣತ್ತೆ.

ಇದು ನನ್ನೊಬ್ಬಳ ಅನುಭವ ಅಂತ ತಳ್ಳಿಹಾಕಬೇಡಿ. ಅಮೆರಿಕದ ಸಂಶೋಧಕ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜೊತೆಯವರು 2018ರಲ್ಲಿ ಟೀಚರ್ ಕೋಚಿಂಗ್ ಮೇಲೆ ನಡೆದ 60 ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾರೆ. ಪಾಠ ಮಾಡೋ ರೀತಿ ಮೇಲೆ 0.49 ಸ್ಟ್ಯಾಂಡರ್ಡ್ ಡೀವಿಯೇಶನ್ (ಬದಲಾವಣೆ ಎಷ್ಟು ದೊಡ್ಡದು ಅಂತ ತೋರಿಸೋ ಒಂದು ಅಳತೆ), ಮಕ್ಕಳ ಕಲಿಕೆ ಮೇಲೆ 0.18, ಶಿಕ್ಷಣದ ಸಂಶೋಧನೆಯಲ್ಲಿ ಇವು ದೊಡ್ಡ ನಂಬರ್‌ಗಳೇ. ಆದ್ರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನ ಯಾವ ಕೋರ್ಸ್‌ನ ಜಾಹೀರಾತಿನಲ್ಲೂ ಹಾಕಲ್ಲ: ಸಣ್ಣ ಪ್ರೋಗ್ರಾಂಗಳಲ್ಲಿ ಸಿಗೋ ಫಲ ದೊಡ್ಡದು ಮಾಡ್ತಾ ಹೋದ ಹಾಗೆ ಇಳಿಯತ್ತೆ. ನಮ್ಮ ಬ್ಯಾಚಲ್ಲೇ ಇದು ಕಾಣ್ತು. ಶುರುವಿನಲ್ಲಿ ಮೇಡಂ ವಿಡಿಯೋನ ಎರಡೆರಡು ಸಲ ನೋಡಿ ಬರ್ತಿದ್ರು. ಕೋರ್ಸ್ ಮಧ್ಯದಲ್ಲಿ ಕಂಪನಿಯವರು ಅಡ್ಮಿಶನ್ ಮತ್ತೆ ತೆರೆದು ಒಬ್ಬ ಕೋಚ್‌ಗೆ ಇನ್ನಷ್ಟು ಟೀಚರ್‌ಗಳನ್ನ ಹಾಕಿದ್ರು, ಅಲ್ಲಿಂದ ಫೀಡ್‌ಬ್ಯಾಕ್ ತೆಳ್ಳಗಾಯ್ತು, "ಗುಡ್, ಕೀಪ್ ಇಟ್ ಅಪ್" ಥರದ ಉತ್ತರ ಬರೋಕೆ ಶುರುವಾಯ್ತು. ಮೇಡಂ ತಪ್ಪಲ್ಲ ಇದು, ಒಬ್ಬ ಮನುಷ್ಯೆ ದಿನಕ್ಕೆ ಎಷ್ಟು ವಿಡಿಯೋ ಮನಸ್ಸಿಟ್ಟು ನೋಡೋಕಾಗತ್ತೆ? ಮಕ್ಕಳಿಗೆ ಟೀಚರ್ ಎಷ್ಟು ಜನ ಅಂತ ನಾವು ಲೆಕ್ಕ ಕೇಳ್ತೀವಲ್ಲ, ಟೀಚರ್‌ಗಳಿಗೆ ಕೋಚ್ ಎಷ್ಟು ಜನ ಅನ್ನೋದೂ ಅಷ್ಟೇ ಮುಖ್ಯ.

ವಿಡಿಯೋ ವಿಷಯ ಬಂದಾಗ ಒಂದು ಮಾತು ಸೇರಿಸ್ತೀನಿ. ಮಕ್ಕಳ ವಿಡಿಯೋ ಹೊರಗೆ ಕಳಿಸ್ತಿದೀವಿ, ಅಪ್ಪ ಅಮ್ಮಂದಿರ ಒಪ್ಪಿಗೆ ಬೇಕೇ ಬೇಕು. ಕೋರ್ಸ್‌ನವರು ಒಪ್ಪಿಗೆ ಫಾರ್ಮ್ ಕೊಟ್ಟಿದ್ರು, ಅದು ಒಳ್ಳೇದು, ಆದ್ರೆ ವಿಡಿಯೋ ಎಷ್ಟು ದಿನ ಇಟ್ಕೋತಾರೆ, ಯಾರ್ಯಾರು ನೋಡ್ತಾರೆ, ಕೋರ್ಸ್ ಮುಗಿದ ಮೇಲೆ ಅಳಿಸ್ತಾರಾ ಅಂತ ಫಾರ್ಮಲ್ಲಿ ಇರಲಿಲ್ಲ. ನಾನು ಮೇಲ್ ಹಾಕಿ ಕೇಳಿ ಬರವಣಿಗೆಯಲ್ಲಿ ಉತ್ತರ ತಗೊಂಡೆ, ಆಮೇಲೇ ಪೇರೆಂಟ್ಸ್ ಹತ್ರ ಸಹಿ ಕೇಳಿದ್ದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಿಂದ ಇದೆ, 2005ರಲ್ಲಿ ಅದರ ಸಮಿತಿ ಏಳನೇ ಜನರಲ್ ಕಾಮೆಂಟ್ ಹೊರಡಿಸಿ ಎಂಟು ವರ್ಷದೊಳಗಿನ ಪುಟ್ಟ ಮಕ್ಕಳಿಗೂ ಎಲ್ಲಾ ಹಕ್ಕು ಇವೆ ಅಂತ ಬಿಡಿಸಿ ಹೇಳಿದೆ. ಇದೇ ಕೋರ್ಸಲ್ಲಿ ಅದನ್ನ ಪಾಠ ಮಾಡ್ತಾರೆ, ಹಾಗಿದ್ದಾಗ ತಮ್ಮ ಫಾರ್ಮಲ್ಲೂ ಪಾಲಿಸಬೇಕಲ್ವಾ.

ಇನ್ನು ಪಾಲಿಸಿ ಮಾಡ್ಯೂಲ್. ಪಿಡಿಎಫ್ ನೋಡಿದ್ರೆ ಯಾರಿಗೂ ಓದೋ ಮನಸ್ಸು ಬರಲ್ಲ, ಇಸವಿಗಳ ಮೆರವಣಿಗೆ. 1965 ಅಮೆರಿಕದ ಬಡ ಮಕ್ಕಳ ಪ್ರೀಸ್ಕೂಲ್ ಯೋಜನೆ ಹೆಡ್ ಸ್ಟಾರ್ಟ್, 1989 ಮಕ್ಕಳ ಹಕ್ಕು, 1996 ನ್ಯೂಜಿಲೆಂಡ್‌ನ ತೆ ಫಾರಿಕಿ ಪಠ್ಯಕ್ರಮ, 2001 ಒಇಸಿಡಿಯ ಸ್ಟಾರ್ಟಿಂಗ್ ಸ್ಟ್ರಾಂಗ್ ವರದಿ, 2015 ಸುಸ್ಥಿರ ಅಭಿವೃದ್ಧಿ ಗುರಿ 4.2, ಹಿಂಗೇ ಸಾಗತ್ತೆ, ಕೊನೆಗೆ ಕ್ವಿಜ್‌ನಲ್ಲಿ ಯಾವುದು ಯಾವ ವರ್ಷ ಅಂತ ಹೊಂದಿಸಿ ಬರೀರಿ. ಇದಕ್ಕೆ ಮಾರ್ಕ್ಸ್ ಕಟ್. ಟೀಚರ್‌ಗೆ ಬೇಕಾಗಿರೋದು ವರ್ಷ ಅಲ್ಲ, ಆ ಪಾಲಿಸಿಯಿಂದ ಅವಳ ರೂಮಲ್ಲಿ ಏನು ಬದಲಾಯ್ತು ಅನ್ನೋದು.

ಆದ್ರೆ ಲೈವ್ ಕ್ಲಾಸ್ ತಗೊಂಡ ಸರ್ ಇದನ್ನ ಬೇರೆನೇ ಮಾಡಿದ್ರು. ಅವರು ಪೆರ್ರಿ ಪ್ರೀಸ್ಕೂಲ್‌ನಿಂದ ಶುರು ಮಾಡಿದ್ರು. ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಶುರುವಾದ ಪ್ರಯೋಗ ಅದು. ಬಡ ಮನೆಗಳ 123 ಮಕ್ಕಳು, ಅವರಲ್ಲಿ 58 ಮಕ್ಕಳಿಗೆ ಪ್ರೀಸ್ಕೂಲ್ ಸಿಕ್ತು, 65 ಮಕ್ಕಳಿಗೆ ಸಿಗಲಿಲ್ಲ, ಆಮೇಲೆ ಆ ಮಕ್ಕಳು ದೊಡ್ಡವರಾಗಿ 40 ವರ್ಷ ದಾಟೋ ತನಕ ಬೆನ್ನು ಹತ್ತಿ ನೋಡಿದ್ರು. ಪ್ರೀಸ್ಕೂಲ್ ಸಿಕ್ಕವರು ಹೈಸ್ಕೂಲ್ ಮುಗಿಸಿದ್ದು ಜಾಸ್ತಿ, ದುಡಿಮೆ ಜಾಸ್ತಿ, ಪೊಲೀಸ್ ಕೇಸ್ ಕಮ್ಮಿ. 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ಜೇಮ್ಸ್ ಹೆಕ್ಮನ್ ಇದೇ ಡೇಟಾ ಇಟ್ಕೊಂಡು ಚಿಕ್ಕ ವಯಸ್ಸಲ್ಲಿ ಹಾಕಿದ ದುಡ್ಡು ಸಮಾಜಕ್ಕೆ ಲಾಭವಾಗಿ ವಾಪಸ್ ಬರತ್ತೆ ಅಂತ ಲೆಕ್ಕ ತೋರಿಸಿದ್ರು. ಮಂತ್ರಿಗಳ ಭಾಷಣದಲ್ಲಿ, ಕಂಪನಿ ಬ್ರೋಷರ್‌ನಲ್ಲಿ ಎಲ್ಲಾ ಕಡೆ ಬರೋದು ಈ ಲಾಭದ ಮಾತು. ಸರ್ ಕೇಳಿದ್ದು ಬೇರೆ: "ಆ ಸ್ಕೂಲಲ್ಲಿ ಟೀಚರ್‌ಗಳು ಹೆಂಗಿದ್ರು, ಅದನ್ನ ಯಾರಾದ್ರೂ ಓದಿದೀರಾ?" ಡಿಗ್ರಿ ಮಾಡಿ ಟೀಚರ್ ಸರ್ಟಿಫಿಕೇಟ್ ಪಡೆದಿದ್ದವರು. ಒಬ್ಬ ಟೀಚರ್‌ಗೆ ಆರು ಮಕ್ಕಳ ಹತ್ತತ್ರ. ವಾರಕ್ಕೊಮ್ಮೆ ಪ್ರತಿ ಮಗು ಮನೆಗೆ ಹೋಗಿ ಸುಮಾರು ಒಂದೂವರೆ ಗಂಟೆ ಅಮ್ಮನ ಜೊತೆ ಮಗು ಜೊತೆ ಕೂತು ಬರ್ತಿದ್ರು, ಅದೂ ಅವರ ಡ್ಯೂಟಿ ಒಳಗೇ. ಲಾಭ ಬಂದಿದ್ದು ಈ ಎಲ್ಲದರಿಂದ. ಈಗ ಎಲ್ಲಾ ಸರ್ಕಾರಗಳೂ ಆ ಲಾಭದ ನಂಬರ್ ಎತ್ಕೋತವೆ, ಈ ಖರ್ಚಿನ ಪಟ್ಟಿನ ಮಾತ್ರ ಅಲ್ಲೇ ಬಿಟ್ಟು ಬರ್ತವೆ.

ಅದರ ಪಕ್ಕದಲ್ಲೇ ಅಮೆರಿಕದ ಟೆನೆಸಿ ರಾಜ್ಯದ ಕೇಸ್ ಇಟ್ರು. ಅಲ್ಲಿ ಸರ್ಕಾರಿ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ ಕ್ಲಾಸ್) ದೊಡ್ಡ ಪ್ರಮಾಣದಲ್ಲಿ ತೆರೆದ್ರು, ವಾಂಡರ್‌ಬಿಲ್ಟ್ ಯೂನಿವರ್ಸಿಟಿಯವರು ಸುಮಾರು 3,000 ಮಕ್ಕಳನ್ನ ವರ್ಷಗಟ್ಟಲೆ ನೋಡಿದ್ರು, 2022ರಲ್ಲಿ ಬಂದ ಫಲಿತಾಂಶದಲ್ಲಿ ಪ್ರೀ-ಕೆಗೆ ಹೋಗಿದ್ದ ಮಕ್ಕಳು ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ಹೋಗದೇ ಇದ್ದವರಿಗಿಂತ ಟೆಸ್ಟ್‌ನಲ್ಲಿ ಹಿಂದಿದ್ರು, ಶಿಸ್ತಿನ ದೂರುಗಳೂ ಅವರ ಮೇಲೇ ಜಾಸ್ತಿ. ಕಾರಣ ಏನು ಅನ್ನೋದಕ್ಕೆ ತಿಳಿದವರಲ್ಲೇ ಇನ್ನೂ ವಾದ ನಡೀತಿದೆ. ಆದ್ರೆ ಬಾಗಿಲು ತೆರೆದು ಮಕ್ಕಳನ್ನ ಕೂರಿಸಿದ ಮಾತ್ರಕ್ಕೆ ಒಳ್ಳೇದಾಗಿಬಿಡತ್ತೆ ಅನ್ನೋ ನಂಬಿಕೆಗೆ ಆ ಫಲಿತಾಂಶದ ಮುಂದೆ ಜಾಗ ಇಲ್ಲ. ಈ ಎರಡು ಕೇಸ್ ಪಕ್ಕಪಕ್ಕ ಇಟ್ಟು ಪಾಠ ಮಾಡಿದ ಆ ಒಂದು ಕ್ಲಾಸ್‌ಗೋಸ್ಕರ ನಾನು ಪಾಲಿಸಿ ಮಾಡ್ಯೂಲ್‌ನ ಪಿಡಿಎಫ್ ಕಷ್ಟವನ್ನ ಕ್ಷಮಿಸಿದೀನಿ.

ಅಲ್ಲಿಂದ ಮುಂದೆ ಸರ್ ಒಂದು ಅಭ್ಯಾಸ ಮಾಡಿಸಿದ್ರು, ಯಾವ ದೇಶದ ಪಾಲಿಸಿ ಕೈಗೆ ಬಂದ್ರೂ ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು ಅಂತಿದೆ, ಟೀಚರ್ ಏನು ಓದಿರಬೇಕು ಅಂತಿದೆ, ಆ ಓದಿಗೆ ಸಮಯ ಮತ್ತೆ ಸಂಬಳ ಯಾರು ಕೊಡ್ತಾರೆ ಅಂತಿದೆ, ಇಷ್ಟನ್ನ ಮಾತ್ರ ಹುಡುಕಿ ಅಡಿಗೆರೆ ಹಾಕಿ ಅಂತ. ಮಾಡಿ ನೋಡಿ, ತುಂಬ ವಿಷಯ ಬಯಲಿಗೆ ಬರತ್ತೆ. ಆಸ್ಟ್ರೇಲಿಯಾದಲ್ಲಿ 2012ರಿಂದ ಜಾರಿಯಾದ ರಾಷ್ಟ್ರೀಯ ಗುಣಮಟ್ಟ ಚೌಕಟ್ಟಿನಲ್ಲಿ ಎರಡು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು ಅಂತ ನಂಬರ್ ಹಾಕಿ ಬರೆದಿದೆ. ಫಿನ್ಲೆಂಡ್‌ನ 2018ರ ಕಾನೂನಿನಲ್ಲಿ 2030ರ ಹೊತ್ತಿಗೆ ಸಿಬ್ಬಂದಿಯ ಮೂರರಲ್ಲಿ ಎರಡು ಭಾಗ ಉನ್ನತ ಶಿಕ್ಷಣ ಪಡೆದಿರಬೇಕು ಅಂತಿದೆ. ಅಮೆರಿಕದಲ್ಲಿ 2007ರ ಹೆಡ್ ಸ್ಟಾರ್ಟ್ ಕಾಯ್ದೆ 2013ರೊಳಗೆ ದೇಶದ ಒಟ್ಟು ಹೆಡ್ ಸ್ಟಾರ್ಟ್ ಟೀಚರ್‌ಗಳಲ್ಲಿ ಅರ್ಧದಷ್ಟು ಜನಕ್ಕೆ ಡಿಗ್ರಿ ಇರಬೇಕು ಅಂತು. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿರೋ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅಷ್ಟು ಓದಿರದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ ಹೇಳತ್ತೆ, ಡಿಟಿಎಚ್ ಚಾನೆಲ್ ಮತ್ತೆ ಸ್ಮಾರ್ಟ್‌ಫೋನ್ ಮೂಲಕ, ಈಗಿನ ಕೆಲಸಕ್ಕೆ ಆದಷ್ಟು ಕಮ್ಮಿ ಅಡ್ಡಿ ಆಗೋ ಹಾಗೆ.

ಆ ಕೊನೇ ಸಾಲಿನ ಮೇಲೆ ನಮ್ಮ ಗ್ರೂಪಲ್ಲಿ ಬಹಳ ಹೊತ್ತು ಮಾತು ನಡೀತು. ಕೆಲಸಕ್ಕೆ ಅಡ್ಡಿ ಆಗಬಾರದು ಅಂದ್ರೆ ಓದು ಯಾವಾಗ ಆಗ್ಬೇಕು? ಕೆಲಸ ಮುಗಿದ ಮೇಲೆ. ಮನೆ ಕೆಲಸ ಎಲ್ಲಾ ಮುಗಿಸಿ, ಮಕ್ಕಳು ಮಲಗಿದ ಮೇಲೆ, ಕಣ್ಣು ಎಳೀತಿರುವಾಗ. ಈ ಕೆಲಸದಲ್ಲಿ ಇರೋರು ಹೆಚ್ಚಿನವರು ಹೆಂಗಸರು, ಎಲ್ಲಾ ದೇಶದಲ್ಲೂ ಹಂಗೇ, ಅವರ ಸಂಜೆ ಯಾರ ಲೆಕ್ಕದಲ್ಲೂ ಇಲ್ಲ. ನಮ್ಮ ಕೋರ್ಸೂ ಇದರಿಂದ ಹೊರತಲ್ಲ, ಜಾಹೀರಾತಿನಲ್ಲಿ ಸೆಲ್ಫ್ ಪೇಸ್ಡ್, ನಿಮ್ಮ ಅನುಕೂಲಕ್ಕೆ ತಕ್ಕಂತೆ ಅಂತ ದೊಡ್ಡಕ್ಷರದಲ್ಲಿ ಹಾಕಿದಾರೆ, ಲೈವ್ ಕ್ಲಾಸ್ ಇಡೋದು ರಾತ್ರಿ, ಪ್ರಾಜೆಕ್ಟ್ ಸಬ್ಮಿಶನ್ ಭಾನುವಾರ. ಜೊತೆಗೆ ಶುರು ಮಾಡಿ ಮಧ್ಯದಲ್ಲಿ ಬಿಟ್ಟವರು ಕಲಿಯೋಕೆ ಇಷ್ಟ ಇಲ್ಲದೇ ಬಿಡಲಿಲ್ಲ. ಅವರಲ್ಲಿ ಒಬ್ಬರು ನಮ್ಮೆಲ್ಲರಿಗಿಂತ ಚೆನ್ನಾಗಿ ಮಕ್ಕಳನ್ನ ಗಮನಿಸಿ ಬರೀತಿದ್ರು. ಸಮಯ ಇರಲಿಲ್ಲ, ಅಷ್ಟೇ.

ಇದಕ್ಕೆ ದಾರಿ ಇಲ್ಲ ಅಂತಲ್ಲ. 1990ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಟೀಚ್ ಅನ್ನೋ ಸ್ಕಾಲರ್‌ಶಿಪ್ ಶುರುವಾಯ್ತು, ಇಂಥ ಟೀಚರ್‌ಗಳಿಗೆ ಅಂತಲೇ. ಫೀಸಿನ ಬಹುಪಾಲು ಸ್ಕಾಲರ್‌ಶಿಪ್ ಕೊಡತ್ತೆ, ಸ್ವಲ್ಪ ಕೆಲಸ ಕೊಟ್ಟವರು, ಸ್ವಲ್ಪ ಟೀಚರ್ರು, ಓದೋಕೆ ಕೆಲಸದ ಅವಧಿಯಲ್ಲೇ ಬಿಡುವು, ಓದು ಮುಗಿಸಿದ್ರೆ ಬೋನಸ್ಸೋ ಸಂಬಳ ಏರಿಕೆಯೋ, ಬದಲಿಗೆ ಟೀಚರ್ ಅದೇ ಜಾಗದಲ್ಲಿ ಇಂತಿಷ್ಟು ಕಾಲ ಇರಬೇಕು. ನೋಡಿ ಎಷ್ಟು ಸರಳ ಇದೆ. ಓದು, ಸಮಯ, ಸಂಬಳ, ಉಳಿಯೋದು, ನಾಲ್ಕನ್ನೂ ಒಂದಕ್ಕೊಂದು ಕಟ್ಟಿದಾರೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2013ರಲ್ಲಿ ಜಿನೀವಾದಲ್ಲಿ ಚಿಕ್ಕ ಮಕ್ಕಳ ಶಿಕ್ಷಣದ ಸಿಬ್ಬಂದಿಗೆ ಅಂತಲೇ ಮಾರ್ಗಸೂಚಿ ಮಾಡಿತು, ಅದರಲ್ಲೂ ಅಷ್ಟೇ ಓದಿರೋ ಪ್ರೈಮರಿ ಟೀಚರ್‌ಗೆ ಸಮನಾದ ಸಂಬಳದ ಮಾತಿದೆ, ಮಕ್ಕಳಿಲ್ಲದ ಹೊತ್ತಲ್ಲಿ ತಯಾರಿಗೆ ಸಮಯ ಕೊಡೋ ಮಾತಿದೆ. 2022ರ ನವೆಂಬರ್‌ನಲ್ಲಿ ಯುನೆಸ್ಕೊ ಸಮ್ಮೇಳನದಲ್ಲಿ ಆದ ತಾಷ್ಕೆಂಟ್ ಘೋಷಣೆಯಲ್ಲಿ ಶಿಕ್ಷಣದ ಒಟ್ಟು ಖರ್ಚಿನಲ್ಲಿ ಕನಿಷ್ಠ 10 ಶೇಕಡಾ ಪ್ರೀಪ್ರೈಮರಿಗೆ ಅಂತ ಒಪ್ಪಿಕೊಂಡಿದಾರೆ. ಇದೆಲ್ಲಾ ಕಾನೂನಲ್ಲ, ಕೋರ್ಟಿಗೆ ಹೋಗೋಕಾಗಲ್ಲ, ಗೊತ್ತು. ಆದ್ರೆ ಮ್ಯಾನೇಜ್‌ಮೆಂಟ್ ಮುಂದೆ ಕೂತು "ವಾರದಲ್ಲಿ ಒಂದು ಗಂಟೆ ತಯಾರಿಗೆ ಅಂತ ಕೊಡಿ" ಅನ್ನೋವಾಗ ಸುಮ್ಮನೆ ಬೇಡೋದಕ್ಕೂ, ಇಂತಿಂಥ ಕಡೆ ಹೀಗೆ ಒಪ್ಪಿಕೊಂಡಿದಾರೆ ಅಂತ ಕಾಗದ ಮುಂದಿಡೋದಕ್ಕೂ ವ್ಯತ್ಯಾಸ ಇದೆ. ನಾವು ಮೂವರು ಟೀಚರ್‌ಗಳು ಸೇರಿ ಹಾಗೇ ಕೇಳಿದ್ವಿ, ವಾರದಲ್ಲಿ ಒಂದು ಪೀರಿಯಡ್ ಸಿಕ್ಕಿದೆ. ಆ ಪೀರಿಯಡ್‌ನಲ್ಲಿ ಒಬ್ಬರ ವಿಡಿಯೋ ಒಬ್ಬರು ನೋಡ್ತೀವಿ. ಪಾಲಿಸಿ ಮಾಡ್ಯೂಲ್ ನಮಗೆ ಕೊಟ್ಟಿದ್ದು ಇದು, ಮತ್ತೆ ಇದಿಲ್ಲದೇ ಕೋಚಿಂಗ್‌ನಲ್ಲಿ ಕಲಿತಿದ್ದೂ ಉಳೀತಿರಲಿಲ್ಲ.

ಸರ್ಟಿಫಿಕೇಟ್ ಬಗ್ಗೆ ನೇರವಾಗಿ ಹೇಳ್ತೀನಿ. ಪ್ರಿಂಟ್ ಚೆನ್ನಾಗಿದೆ, ಕ್ಯೂಆರ್ ಕೋಡ್ ಇದೆ, ಅದನ್ನ ಎಲ್ಲಿ ತೋರಿಸಿದ್ರೆ ಏನು ಸಿಗತ್ತೆ ಅನ್ನೋದಕ್ಕೆ ಮಾತ್ರ ಕೋರ್ಸ್‌ನವರ ಹತ್ರ ಉತ್ತರ ಇಲ್ಲ. ಯಾವ ಡಿಪ್ಲೊಮಾಗೂ ಕ್ರೆಡಿಟ್ ಆಗಿ ಸೇರಲ್ಲ, ಯಾವ ಹುದ್ದೆಯ ಮೆಟ್ಟಿಲೂ ಅಲ್ಲ. ಇದನ್ನ ಸೇರೋ ಮೊದಲೇ ಹೇಳ್ಬೇಕಿತ್ತು. ಹೋಲಿಕೆಗೆ ಅಮೆರಿಕದ ಸಿಡಿಎ, ಅಂದ್ರೆ ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್ ಅನ್ನೋ ಸರ್ಟಿಫಿಕೇಟ್ ನೋಡಿ, 1975ರಿಂದ ಕೊಡ್ತಿದಾರೆ, 120 ಗಂಟೆ ಓದು, ಮಕ್ಕಳ ಜೊತೆ 480 ಗಂಟೆ ಕೆಲಸ, ಒಬ್ಬರು ಕ್ಲಾಸಿಗೆ ಬಂದು ನೋಡ್ತಾರೆ, ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡ್ಬೇಕು. ಕಷ್ಟವೇ, ಆದ್ರೆ ಅದಿದ್ರೆ ಯಾವ ಕೆಲಸಕ್ಕೆ ಅರ್ಹತೆ ಅಂತ ಬರೆದಿರೋ ನಿಯಮಗಳಿವೆ. ಅಲ್ಲಿನ ಸಂಘಟನೆಗಳು ಸೇರಿ 2020ರಲ್ಲಿ ಇಡೀ ವೃತ್ತಿಗೆ ಮೂರು ಹಂತ ಅಂತ ಒಂದು ಚೌಕಟ್ಟು ಮಾಡಿದಾರೆ, ಯಾವ ಓದಿಗೆ ಯಾವ ಜವಾಬ್ದಾರಿ ಅಂತ. ಏಣಿ ಇದ್ರೆ ಮಾತ್ರ ಸರ್ಟಿಫಿಕೇಟ್ ಅನ್ನೋದು ಮೆಟ್ಟಿಲಾಗತ್ತೆ. ಏಣಿ ಕಟ್ಟೋದು ಕೋರ್ಸ್ ಕಂಪನಿ ಕೈಯಲ್ಲಿಲ್ಲ, ಅದು ಸರ್ಕಾರದ ಕೆಲಸ, ಒಪ್ತೀನಿ. ಆದ್ರೆ "ನಿಮ್ಮ ಕರಿಯರ್ ಮುಂದಿನ ಹಂತಕ್ಕೆ" ಅಂತ ಬರೆದು ದುಡ್ಡು ತಗೊಳೋದು ಕಂಪನಿ ಕೈಯಲ್ಲೇ ಇದೆ, ಅದನ್ನ ನಿಲ್ಲಿಸಬಹುದು.

ಇನ್ನೊಂದು ಜಾಹೀರಾತಿನ ಸಾಲಿಗೂ ನನ್ನ ತಕರಾರಿದೆ, ಟೀಚರ್ ಕೋರ್ಸ್ ಮಾಡಿದ್ರೆ ಮಕ್ಕಳ ಭಾಷೆ ಗಣಿತ ಎಲ್ಲಾ ಏರತ್ತೆ ಅನ್ನೋದು. ಅಷ್ಟು ಸಲೀಸಲ್ಲ. ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಎರಡು ವರ್ಷ ಟೀಚರ್‌ಗಳಿಗೆ ಟ್ರೇನಿಂಗ್ ಮತ್ತೆ ಕೋಚಿಂಗ್ ಕೊಟ್ಟು ನೋಡಿದ್ರು, ಕ್ಲಾಸ್‌ರೂಮ್ ಗುಣಮಟ್ಟ ಚೆನ್ನಾಗೇ ಏರಿತು, ಮಕ್ಕಳ ಭಾಷಾ ಸ್ಕೋರ್ ಮಾತ್ರ ಅದೇ ಮಟ್ಟಕ್ಕೆ ಏರಲಿಲ್ಲ. ಘಾನಾದಲ್ಲಿ 2015ರಿಂದ 2016ರ ಹೊತ್ತಿಗೆ 240 ಶಾಲೆಗಳಲ್ಲಿ ಕೆಜಿ ಟೀಚರ್‌ಗಳಿಗೆ ಆಟದ ಮೂಲಕ ಕಲಿಸೋ ಟ್ರೇನಿಂಗ್ ಕೊಟ್ಟಾಗ ಮಕ್ಕಳಿಗೂ ಸ್ವಲ್ಪ ಲಾಭ ಆಯ್ತು, ಟೀಚರ್‌ಗಳ ದಣಿವೂ ಕಮ್ಮಿ ಆಯ್ತು. ಆದ್ರೆ ಅದೇ ಟ್ರೇನಿಂಗ್ ಜೊತೆ ಪೇರೆಂಟ್ಸ್‌ಗೆ ಆಟದ ಮಹತ್ವ ಹೇಳೋ ಮೀಟಿಂಗ್ ಸೇರಿಸಿದ ಶಾಲೆಗಳಲ್ಲಿ ಆ ಲಾಭ ಕರಗಿಹೋಯ್ತು. ಆಟ ಆಡಿಸಿದ್ರೆ ಓದು ಬರಲ್ಲ ಅನ್ನೋ ಪೇರೆಂಟ್ಸ್ ಜೊತೆ ಮಾತಾಡಿದ ಯಾವ ಟೀಚರ್‌ಗೂ ಇದು ಆಶ್ಚರ್ಯ ಅನ್ಸಲ್ಲ. ಪೇರೆಂಟ್ಸ್ ಜೊತೆ ಹೆಂಗೆ ಮಾತಾಡ್ಬೇಕು ಅನ್ನೋದಕ್ಕೆ ಈ ಕೋರ್ಸ್‌ನಲ್ಲಿ ಇರೋದು ಒಂದೇ ಒಂದು ವಿಡಿಯೋ, ಅದೂ ಮೇಲ್ಮೇಲೆ ಹೇಳಿದ್ದು. ಇದು ದೊಡ್ಡ ಕೊರತೆ, ಮುಂದಿನ ಬ್ಯಾಚ್‌ಗಾದ್ರೂ ಸರಿ ಮಾಡ್ಲಿ.

ಆ್ಯಪ್ ಪರವಾಗಿಲ್ಲ, ನೆಟ್ ನಿಧಾನ ಇದ್ರೂ ಪಾಠ ಡೌನ್‌ಲೋಡ್ ಆಗತ್ತೆ, ವಿಡಿಯೋ ಅಪ್‌ಲೋಡ್ ಮಾತ್ರ ಮಧ್ಯದಲ್ಲಿ ನಿಂತ್ರೆ ಮೊದಲಿಂದ ಶುರು ಮಾಡ್ಬೇಕು. ಹೆಲ್ಪ್‌ಲೈನ್‌ನವರು ಮರ್ಯಾದೆಯಿಂದ ಮಾತಾಡ್ತಾರೆ. ಟೀಚರ್‌ಗಳ ಗ್ರೂಪ್ ಈಗಲೂ ನಡೀತಿದೆ, ಅಲ್ಲಿ ಕಲಿಯೋದು ಬಹಳ ಇದೆ. ನ್ಯೂಜಿಲೆಂಡ್‌ನಲ್ಲಿ ಮಾರ್ಗರೆಟ್ ಕಾರ್ ರೂಪಿಸಿದ ಲರ್ನಿಂಗ್ ಸ್ಟೋರಿ ಪದ್ಧತಿ, ಅಂದ್ರೆ ಮಗು ಏನ್ ಮಾಡ್ತು ಅಂತ ಮಾರ್ಕ್ಸ್ ಹಾಕದೇ ಕಥೆ ಥರ ಬರೆದಿಡೋದು, ಅದನ್ನ ಗ್ರೂಪಲ್ಲಿ ಒಬ್ಬರಿಗೊಬ್ಬರು ಓದಿ ಹೇಳ್ತೀವಿ. ಪೇರೆಂಟ್ಸ್‌ಗೆ ಇದನ್ನ ಕೊಟ್ರೆ ರಿಪೋರ್ಟ್ ಕಾರ್ಡ್‌ಗಿಂತ ಜಾಸ್ತಿ ಆಸೆಯಿಂದ ಓದ್ತಾರೆ, ಕೊಟ್ಟು ನೋಡಿ.

ಯಾರು ಸೇರಬಹುದು ಅಂದ್ರೆ, ಈಗಾಗಲೇ ಕ್ಲಾಸ್‌ರೂಮಲ್ಲಿ ಇರೋರು, ಪಕ್ಕದಲ್ಲಿ ನೋಡಿ ಹೇಳೋ ಸೀನಿಯರ್ ಯಾರೂ ಇಲ್ಲದೇ ಒಬ್ಬರೇ ಒದ್ದಾಡ್ತಾ ಇರೋರು ಸೇರಿ, ಖಂಡಿತ ಉಪಯೋಗ ಆಗತ್ತೆ. ಸಾಧ್ಯ ಆದ್ರೆ ಒಂದೇ ಶಾಲೆಯಿಂದ ಇಬ್ಬರು ಸೇರಿ. ಹೊಸದಾಗಿ ಕೆಲಸ ಹುಡುಕ್ತಾ ಇರೋರು, ಸರ್ಟಿಫಿಕೇಟ್‌ಗೋಸ್ಕರ ಅಂತ ಸೇರೋರು ಬೇಡ, ಆ ದುಡ್ಡನ್ನ ಸರ್ಕಾರ ಒಪ್ಪೋ ಡಿಪ್ಲೊಮಾಗೆ ಹಾಕಿ. ಶಾಲೆ ನಡೆಸೋರು ಟೀಚರ್‌ಗಳನ್ನ ಕಳಿಸೋ ಯೋಚನೆಯಲ್ಲಿದ್ರೆ ಫೀಸ್ ಕಟ್ಟೋ ಜೊತೆ ಸಮಯವನ್ನೂ ಕೊಡಿ, ಲೈವ್ ಕ್ಲಾಸ್ ಇರೋ ದಿನ ಬೇಗ ಬಿಡಿ, ಇಲ್ಲಾಂದ್ರೆ ಫೀಸ್ ಕಟ್ಟಿದ್ದೂ ವ್ಯರ್ಥ.

ದುಡ್ಡು ಕಟ್ಟೋ ಮೊದಲು ಮೇಲ್‌ನಲ್ಲಿ ಇಷ್ಟು ಕೇಳಿ: ಒಬ್ಬ ಕೋಚ್‌ಗೆ ಎಷ್ಟು ಟೀಚರ್‌ಗಳು, ಮಧ್ಯದಲ್ಲಿ ಆ ಸಂಖ್ಯೆ ಏರತ್ತಾ, ಕೋಚ್ ಆದವರು ಎಷ್ಟು ವರ್ಷ ಚಿಕ್ಕ ಮಕ್ಕಳ ಕ್ಲಾಸಲ್ಲಿ ಇದ್ದವರು, ವಿಡಿಯೋ ಯಾವಾಗ ಅಳಿಸ್ತಾರೆ. ನಮ್ಮ ಬ್ಯಾಚಿನವರು ಎಲ್ಲಾ ಸೇರಿ ಕೋಚ್ ಸಂಖ್ಯೆ ಬಗ್ಗೆ ಕಂಪನಿಗೆ ಬರೆದಿದೀವಿ, ಮುಂದಿನ ಬ್ಯಾಚ್‌ನಿಂದ ಮಿತಿ ಹಾಕ್ತೀವಿ ಅಂತ ಉತ್ತರ ಬಂದಿದೆ, ಮಿತಿ ಎಷ್ಟು ಅಂತ ಇನ್ನೂ ಹೇಳಿಲ್ಲ. ಹೇಳಿದ ದಿನ ಇಲ್ಲೇ ಅಪ್‌ಡೇಟ್ ಮಾಡ್ತೀನಿ.